ರೆಂಚ್ ಹಿಡಿಯುವ ಮೊದಲು: ಅಡ್ಜಸ್ಟ್ ಆಗುವ ಡ್ರೈವರ್ ಆರಿಸುವುದು, ಪರೀಕ್ಷಿಸುವುದು

ಪುಣೆಯಲ್ಲಿ ಭಾನುವಾರ ಬೆಳಗ್ಗೆ ಗಾಲ್ಫ್ ಅಭ್ಯಾಸದ ರೇಂಜಿಗೆ ಹೋಗುವ ನಾವು ನಾಲ್ಕು ಜನ ಕನ್ನಡದವರು. ಇಬ್ಬರು ಧಾರವಾಡದ ಕಡೆಯವರು, ಒಬ್ಬರು ವಿಜಯಪುರದವರು, ನಾನು ಹಾಸನದವನು. ನಮ್ಮಲ್ಲಿ ಇಬ್ಬರು ಈ ಸಲ ಹೊಸ ಡ್ರೈವರ್, ಅಂದರೆ ಅತಿ ದೂರ ಹೊಡೆಯಲು ಬಳಸುವ ಉದ್ದನೆ ಗಾಲ್ಫ್ ಕ್ಲಬ್, ಕೊಳ್ಳಲಿದ್ದಾರೆ. ಅವರಿಗೆಂದು ಬರೆಯಲು ಕೂತ ಟಿಪ್ಪಣಿ ಇದು. ಎಡ, ಬಲ ಎಂದು ಬರೆದಿರುವುದೆಲ್ಲ ಬಲಗೈ ಆಟಗಾರರ ಲೆಕ್ಕದಲ್ಲಿ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಮೊದಲೇ ಒಂದು ಮಾತು. ಡ್ರೈವರ್ ಸೆಟ್ಟಿಂಗ್ ಬದಲಿಸುವ ರೆಂಚ್ ನಿಮ್ಮ ಸ್ವಿಂಗ್ (ಕ್ಲಬ್ ಬೀಸುವ ರೀತಿ) ತಿದ್ದುವುದಿಲ್ಲ. ನಿಮ್ಮ ಹೊಡೆತಗಳೆಲ್ಲ ಒಂದು ಗುಂಪಾಗಿ ಬೀಳುತ್ತಿದ್ದರೆ ಆ ಗುಂಪನ್ನು ಸ್ವಲ್ಪ ಎಡಕ್ಕೋ ಬಲಕ್ಕೋ, ಮೇಲಕ್ಕೋ ಕೆಳಕ್ಕೋ ಸರಿಸುತ್ತದೆ. ಗುಂಪೇ ಇಲ್ಲದೆ ಚೆಂಡುಗಳು ಚೆಲ್ಲಾಪಿಲ್ಲಿಯಾಗಿ ಬೀಳುತ್ತಿದ್ದರೆ ಸರಿಸಲು ಏನೂ ಇರುವುದಿಲ್ಲ, ಅಲ್ವಾ? ಹಾಗಾಗಿ ಮೊದಲು ಗುಂಪು ಎಲ್ಲಿದೆ ಎಂದು ನೋಡಬೇಕು. ಆಮೇಲೆ ರೆಂಚ್.

ಯಾವುದು ಬದಲಾಗುತ್ತದೆ

ಅಡ್ಜಸ್ಟ್ ಆಗುವ ಭಾಗ ಎರಡು ಬಗೆ. ಒಂದು, ಚೆಂಡಿಗೆ ತಾಗುವ ತಲೆಭಾಗವಾದ ಹೆಡ್‌ನಲ್ಲಿರುವ ತೂಕದ ಸ್ಕ್ರೂಗಳು. 2004ರಲ್ಲಿ ಟೇಲರ್‌ಮೇಡ್ ಕಂಪನಿ ತಂದ ಆರ್7 ಕ್ವಾಡ್ ಡ್ರೈವರ್‌ನಲ್ಲಿ ಇಂಥ ನಾಲ್ಕು ಸ್ಕ್ರೂ ಇದ್ದವು. ಇನ್ನೊಂದು, ಶಾಫ್ಟ್ (ಕ್ಲಬ್ಬಿನ ಉದ್ದನೆ ಕೋಲು) ಮತ್ತು ಹೆಡ್ ಸೇರುವ ಕಡೆ ಇರುವ, ಸ್ಲೀವ್ ಎಂಬ ಸಣ್ಣ ಕೊಳವೆ. ತೂಕ ಬಿಟ್ಟು ಬೇರೆ ಭಾಗಗಳನ್ನೂ ಬದಲಾಯಿಸಲು ನಿಯಮ ಅವಕಾಶ ಕೊಟ್ಟದ್ದು 2008ರಿಂದ. ಅದಾದ ಮೇಲೆ ಒಂದೊಂದೇ ಕಂಪನಿ ಸ್ಲೀವ್ ತಂದಿತು.

ಒಂದು ಕಂಪನಿಯ ಸ್ಲೀವ್ ಇನ್ನೊಂದರ ಹೆಡ್‌ಗೆ ಕೂರುವುದಿಲ್ಲ. ಗುರುತುಗಳೂ ಬೇರೆ ಬೇರೆ. ಟೈಟ್ಲಿಸ್ಟ್‌ನಲ್ಲಿ ಎರಡು ಉಂಗುರ, 16 ಸ್ಥಾನ; ಎ1 ಎಂದರೆ ಮಾಮೂಲಿ ಸ್ಥಾನ. ಕ್ಯಾಲವೇಯಲ್ಲಿ ಒಂದು ಉಂಗುರ ಲಾಫ್ಟ್‌ಗೆ (ಚೆಂಡಿಗೆ ತಾಗುವ ಮುಖ, ಅಂದರೆ ಫೇಸ್, ಹಿಂದಕ್ಕೆ ಓರೆಯಾಗಿರುವ ಕೋನ), ಇನ್ನೊಂದು ಲೈಗೆ (ಶಾಫ್ಟ್ ನೆಲದಿಂದ ಎದ್ದಿರುವ ಕೋನ). ಟೇಲರ್‌ಮೇಡ್, ಪಿಂಗ್‌ಗಳಲ್ಲಿ ಸ್ಲೀವ್ ಜೊತೆಗೆ ಇಡೀ ಶಾಫ್ಟ್ ತಿರುಗುತ್ತದೆ. ಇದನ್ನು ಗಮನಿಸಿ. ಗ್ರಿಪ್‌ನ ಹಿಂಬದಿ ಉದ್ದಕ್ಕೂ ಏಣು ಇದ್ದರೆ, ಸೆಟ್ಟಿಂಗ್ ಬದಲಿಸಿದಾಗ ಆ ಏಣು ಬೇರೆ ಕಡೆ ಹೋಗಿ ಕೈಗೆ ಗೊಂದಲವಾಗುತ್ತದೆ. ಇಂಥ ಡ್ರೈವರ್‌ಗೆ ಏಣಿಲ್ಲದ ದುಂಡನೆ ಗ್ರಿಪ್ಪೇ ಸರಿ.

ಲಾಫ್ಟ್ ಏರಿಸಿದರೆ ಫೇಸ್ ಯಾಕೆ ಎಡಕ್ಕೆ ನೋಡುತ್ತದೆ

ನನಗೆ ಅರ್ಥವಾಗಲು ತುಂಬಾ ದಿನ ಹಿಡಿದದ್ದು ಇದು, ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

ಸ್ಲೀವ್‌ನ ಒಳಗಿನ ರಂಧ್ರ ನೆಟ್ಟಗಿಲ್ಲ, ಸ್ವಲ್ಪ ಓರೆ. ಸ್ಲೀವ್ ತಿರುಗಿಸಿದಾಗ ಶಾಫ್ಟ್ ಬೇರೆ ಓರೆಯಲ್ಲಿ ಹೆಡ್ ಸೇರುತ್ತದೆ. ಹೆಡ್‌ನ ಲೋಹ ಎಲ್ಲೂ ಬಾಗುವುದಿಲ್ಲ. ಫೇಸ್‌ನ ಇಳಿಜಾರು ಕಾರ್ಖಾನೆಯಿಂದ ಬಂದದ್ದು ಹಾಗೇ ಇರುತ್ತದೆ. ಬದಲಾಗುವುದು ಹೆಡ್ ಮತ್ತು ಶಾಫ್ಟ್ ನಡುವಿನ ಕೋನ ಮಾತ್ರ.

ಮನೆಯಲ್ಲೇ ಮಾಡಿ ನೋಡಿ. ಡ್ರೈವರ್‌ನ ತಳ ಟೈಲ್ಸ್ ಮೇಲೆ ಚೆನ್ನಾಗಿ ಕೂರುವಂತೆ ಇಟ್ಟು, ಹಿಡಿಯನ್ನು ಹಗುರಾಗಿ ಹಿಡಿಯಿರಿ. ಟೈಲ್ಸ್‌ನ ಗೆರೆಗೆ ಫೇಸ್ ಹೇಗಿದೆ ಎಂದು ನೋಡಿ. ಈಗ ಲಾಫ್ಟ್ ಒಂದೂವರೆ ಡಿಗ್ರಿ ಏರಿಸುವ ಸ್ಥಾನಕ್ಕೆ ತಿರುಗಿಸಿ ಮತ್ತೆ ಹಾಗೇ ಇಡಿ. ಫೇಸ್ ಎಡಕ್ಕೆ ನೋಡುತ್ತಿರುತ್ತದೆ. ಇನ್ನು ಹಿಡಿಯನ್ನು ಬೆರಳಲ್ಲೇ ತಿರುಗಿಸಿ ಫೇಸನ್ನು ಗೆರೆಗೆ ನೇರ ಮಾಡಿ. ಆಗ ಫೇಸ್ ಮೇಲಕ್ಕೆ ಜಾಸ್ತಿ ನೋಡುತ್ತದೆ. ಏರಿದ ಲಾಫ್ಟ್ ಎಂದರೆ ಇದೇ. ಲಾಫ್ಟ್ ಇಳಿಸಿದರೆ ಇದೆಲ್ಲ ತಿರುಗುಮುರುಗು: ನೆಲದ ಮೇಲಿಟ್ಟಾಗ ಫೇಸ್ ಬಲಕ್ಕೆ ತೆರೆದುಕೊಳ್ಳುತ್ತದೆ.

ಹಾಗಾಗಿ ಒಂದೇ ಸೆಟ್ಟಿಂಗ್ ಇಬ್ಬರಿಗೆ ಎರಡು ಫಲ ಕೊಡುತ್ತದೆ. ಕ್ಲಬ್ಬನ್ನು ನೆಲಕ್ಕೆ ಕೂರಿಸಿ, ಅದು ನೋಡಿದ ಕಡೆಗೇ ಬಿಟ್ಟು ಹಿಡಿಯುವವರಿಗೆ ಚೆಂಡು ಎಡಕ್ಕೆ ಸರಿಯುತ್ತದೆ. ಹಿಡಿಯುವಾಗಲೇ ಫೇಸ್ ನೇರ ಮಾಡಿಕೊಳ್ಳುವವರಿಗೆ ಚೆಂಡು ಎತ್ತರ ಏರುತ್ತದೆ. ನೀವು ಯಾವ ಬಗೆ ಎಂದು ಸ್ನೇಹಿತರೊಬ್ಬರಿಗೆ ಹಿಂದೆ ನಿಂತು ಫೋನ್‌ನಲ್ಲಿ ತೆಗೆಯಲು ಹೇಳಿ. ಸ್ಲೈಸ್ (ಚೆಂಡು ಬಲಕ್ಕೆ ಬಾಗಿ ಹೋಗುವುದು) ಕಾಟ ಇರುವವರಿಗೆ ಲಾಫ್ಟ್ ಏರಿಸಿ ನೋಡಿ ಅನ್ನುವುದು ಇದಕ್ಕೇ. ಏರಿಸಿದರೆ ಮುಚ್ಚಿದ, ಅಂದರೆ ಎಡಕ್ಕೆ ನೋಡುವ, ಫೇಸ್ ಸಿಗುತ್ತದೆ, ಅದಿಲ್ಲದಿದ್ದರೆ ಎತ್ತರ ಸಿಗುತ್ತದೆ. ಎರಡೂ ಕಲಿಯುವವರಿಗೆ ಒಳ್ಳೆಯದೇ.

ಕಲಿಯುವವರು 9 ಡಿಗ್ರಿ ಲಾಫ್ಟ್‌ನ ಹೆಡ್‌ಗೆ ಆಸೆ ಪಡುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ. ಹೊಡೆತ ಅಳೆಯುವ ಯಂತ್ರ ಮಾಡುವ ಟ್ರ್ಯಾಕ್‌ಮ್ಯಾನ್ ಕಂಪನಿ ಪ್ರಕಟಿಸಿದ, ಬಹಳ ಕಾಲ ಎಲ್ಲರೂ ಬಳಸಿದ ಸರಾಸರಿಗಳಲ್ಲಿ ಅಮೆರಿಕದ ಪುರುಷರ ಟೂರ್‌ನವರ (ವೃತ್ತಿ ಆಟಗಾರರ) ಡ್ರೈವರ್ ಬೀಸುವ ವೇಗ ಗಂಟೆಗೆ ಸುಮಾರು 113 ಮೈಲಿ. ಮಹಿಳೆಯರ ಟೂರ್‌ನಲ್ಲಿ 94. ನಮ್ಮಂಥವರ ವೇಗ ಎರಡನೆಯದಕ್ಕೇ ಹತ್ತಿರ. ಆ ಮಹಿಳೆಯರ ಚೆಂಡು 13 ಡಿಗ್ರಿಗಿಂತ ಸ್ವಲ್ಪ ಮೇಲೆ ಏಳುತ್ತದೆ. ಪುರುಷರದ್ದು 11ರ ಹತ್ತಿರ. ಮಹಿಳೆಯರು ಕ್ಲಬ್ ಮೇಲೇರುವಾಗ ಚೆಂಡಿಗೆ ತಾಗಿಸುತ್ತಾರೆ, ಪುರುಷರು ಸರಾಸರಿ ಸ್ವಲ್ಪ ಇಳಿಯುವಾಗ. ನಾವು ನೋಡಿ ಕಲಿಯಬೇಕಾದ್ದು ಮಹಿಳೆಯರ ಅಂಕಿಗಳನ್ನು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಮುಗಿಸಿದಾಗ ಉದ್ದ ಹೊಡೆಯುವವರ ಸಾಲಿನಲ್ಲಿ ಇರಲಿಲ್ಲ. ಆ ವಾರ ಇಡೀ ದೇಶ ಬೆಳಗಿನ ಜಾವ ಎದ್ದು ಗಾಲ್ಫ್ ನೋಡಿತು. ನಾನಂತೂ ಆ ವಾರವೇ ಈ ಆಟಕ್ಕೆ ಮನಸ್ಸು ಕೊಟ್ಟದ್ದು.

ಚೆಂಡು ಫೇಸ್‌ನ ಎಲ್ಲಿ ತಾಗಿತು

ಕೊಳ್ಳುವ ಮೊದಲು ಒಂದೇ ವಿಷಯ ನೋಡಲು ಸಮಯ ಇದೆ ಎಂದರೆ ಇದನ್ನು ನೋಡಿ.

ಬೋರ್ಡ್‌ಗೆ ಬರೆಯುವ, ಅಳಿಸಬಹುದಾದ ಮಾರ್ಕರ್ ತಂದು ಚೆಂಡಿನ ಮೇಲೆ ದೊಡ್ಡ ಚುಕ್ಕೆ ಇಡಿ. ಚುಕ್ಕೆ ಫೇಸ್ ಕಡೆಗೆ ಬರುವಂತೆ ಟೀ (ಚೆಂಡು ಇಡುವ ಪುಟ್ಟ ಗೂಟ) ಮೇಲೆ ಇಟ್ಟು ಹೊಡೆದರೆ ಫೇಸ್ ಮೇಲೆ ಅಚ್ಚು ಬೀಳುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಹತ್ತು ಹೊಡೆತ ಹೊಡೆದು, ಪ್ರತಿ ಅಚ್ಚನ್ನೂ ನೋಟ್‌ಬುಕ್‌ನಲ್ಲಿ ಬರೆದ ಫೇಸ್ ಚಿತ್ರದ ಮೇಲೆ ಗುರುತು ಮಾಡಿ.

ಲೆಕ್ಕ ನೋಡಿ. ಕ್ಲಬ್ ವೇಗ 90 ಮೈಲಿ ಅಂದುಕೊಳ್ಳಿ. ಹಿಮ್ಮಡಿ ಕಡೆ (ಫೇಸ್‌ನಲ್ಲಿ ಶಾಫ್ಟ್‌ಗೆ ಹತ್ತಿರದ ಬದಿ) ತಾಗಿ ಚೆಂಡಿನ ವೇಗ 126 ಬಂತು. ಭಾಗಿಸಿದರೆ 1.40. ಇದನ್ನೇ ಸ್ಮ್ಯಾಶ್ ಫ್ಯಾಕ್ಟರ್ ಅನ್ನುತ್ತಾರೆ. ಡ್ರೈವರ್‌ನಲ್ಲಿ ಅದರ ಮೇಲಿನ ಅಂಚು ಸುಮಾರು 1.50. ಅದೇ ವೇಗದಲ್ಲಿ ನಡುವೆ ತಾಗಿದರೆ ಚೆಂಡಿನ ವೇಗ 132ರ ಹತ್ತಿರ ಬರುತ್ತದೆ. ಚೆಂಡಿನ ವೇಗ ಒಂದು ಮೈಲಿ ಏರಿದರೆ ಸುಮಾರು ಎರಡು ಯಾರ್ಡ್ ಹೆಚ್ಚುತ್ತದೆ. ಅಂದರೆ ರೆಂಚ್ ಮುಟ್ಟದೆ 12 ಯಾರ್ಡ್!

ತಾಗಿದ ಜಾಗ ಬರೀ ದೂರವನ್ನಲ್ಲ, ಬಾಗುವುದನ್ನೂ ಬದಲಿಸುತ್ತದೆ. ಚೆಂಡು ಫೇಸ್‌ನ ತುದಿ ಕಡೆ (ಶಾಫ್ಟ್‌ನಿಂದ ದೂರದ ಬದಿ) ತಾಗಿದರೆ ಹೆಡ್ ಬಲಕ್ಕೆ ತಿರುಗುತ್ತದೆ. ಕಚ್ಚಿಕೊಂಡ ಎರಡು ಹಲ್ಲಿನ ಗಾಲಿಗಳ ಹಾಗೆ ಚೆಂಡು ಎದುರು ದಿಕ್ಕಿಗೆ ಸುತ್ತಿ ಎಡಕ್ಕೆ ಬಾಗುತ್ತದೆ. ಹಿಮ್ಮಡಿ ಕಡೆ ತಾಗಿದರೆ ಬಲಕ್ಕೆ. ಫೇಸ್‌ನ ಮೇಲ್ಭಾಗಕ್ಕೆ ತಾಗಿದರೆ ಸ್ಪಿನ್ (ಚೆಂಡು ಹಿಮ್ಮುಖವಾಗಿ ಸುತ್ತುವುದು) ಕಡಿಮೆ, ಕೆಳಭಾಗಕ್ಕೆ ತಾಗಿದರೆ ಜಾಸ್ತಿ. ತೂಕದ ಸ್ಕ್ರೂ ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ತೂಕವನ್ನು ಹಿಮ್ಮಡಿಗೆ ಸರಿಸಿದರೆ ಹೆಡ್‌ನ ಭಾರದ ಕೇಂದ್ರವೂ ಆ ಕಡೆ ಸರಿಯುತ್ತದೆ. ಆಗ ನಡುವೆ ತಾಗಿದ ಚೆಂಡೂ ತುದಿಗೆ ತಾಗಿದ ಹಾಗೆ ಎಡಕ್ಕೆ ಬಾಗಲು ನೋಡುತ್ತದೆ. ತೂಕ ಹಿಂದಕ್ಕೆ ಹೋದರೆ ತಪ್ಪಿದ ಹೊಡೆತಕ್ಕೆ ಹೆಡ್ ಕಡಿಮೆ ತಿರುಗುತ್ತದೆ. ಮುಂದಕ್ಕೆ ಬಂದರೆ ಸ್ಪಿನ್ ಇಳಿಯುತ್ತದೆ.

ನಿಮ್ಮ ಅಚ್ಚುಗಳೆಲ್ಲ ಹಿಮ್ಮಡಿ ಕಡೆ ಇವೆ, ಚೆಂಡು ಬಲಕ್ಕೆ ಹೋಗುತ್ತಿದೆ ಎಂದಾದರೆ ಸ್ಲೀವ್ ತಿರುಗಿಸಬೇಡಿ. ಚೆಂಡಿನಿಂದ ಸ್ವಲ್ಪ ದೂರ ನಿಂತು ನೋಡಿ, ಇಲ್ಲವೇ ಗ್ರಿಪ್ಪನ್ನು ಒಂದು ಇಂಚು ಕೆಳಗೆ ಹಿಡಿದು ನೋಡಿ. ಅಂಗಡಿಯ ಡ್ರೈವರ್‌ಗಳು ಸಾಮಾನ್ಯವಾಗಿ 45.5 ಇಂಚಿನ ಆಸುಪಾಸು ಇರುತ್ತವೆ. ಕಲಿಯುವ ಕೈಗೆ ಅದು ಉದ್ದವೇ.

ಹೊಡೆದು ನೋಡುವಾಗ

ಒಂದು ಅಂಗಡಿಯ ಸಿಮ್ಯುಲೇಟರ್‌ನಲ್ಲಿ ನನಗೆ ಆದದ್ದು ಹೇಳುತ್ತೇನೆ. ಮೂರು ಡ್ರೈವರ್ ಕೊಟ್ಟರು. ಪ್ರತಿಯೊಂದರಲ್ಲಿ ಐದಾರು ಹೊಡೆತ. ಪರದೆಯ ಮೇಲೆ ಅತಿ ಉದ್ದದ ಒಂದು ಹೊಡೆತ ತೋರಿಸಿ, ಇದೇ ನಿಮಗೆ ಎಂದರು. ಉಳಿದ ಹೊಡೆತಗಳ ಗೆರೆ ಪರದೆಯಿಂದ ಅಳಿಸಿ ಹೋಗಿತ್ತು. ಕೋರ್ಸ್‌ಗೆ ಹೋದ ಮೇಲೆ ಆ ಉಳಿದ ಹೊಡೆತಗಳೇ ನನಗೆ ಸಿಕ್ಕವು, ಮರಗಳ ನಡುವೆ. ನಮ್ಮ ಗುಂಪಿನ ಹಿರಿಯರು, ಧಾರವಾಡದ ಕಾಕಾ, ಆವತ್ತು ಹೇಳಿದರು: "ತಮ್ಮಾ, ಎಷ್ಟು ದೂರ ಹೋತು ಅನ್ನೋದು ಇರ್ಲಿ, ಎಲ್ಲಿ ಬಿತ್ತು ಅದನ್ನ ಹೇಳು." ಈಗ ನಮ್ಮ ನೋಟ್‌ಬುಕ್‌ನ ಮೊದಲ ಕಾಲಂ ಅದೇ.

ನಾವು ಮಾಡುವ ಕ್ರಮ ಹೀಗೆ. ಮೊದಲು ಸಣ್ಣ ಕ್ಲಬ್‌ಗಳಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತೇವೆ. ಹೊಸ ಹೆಡ್ ಮಾಮೂಲಿ ಸ್ಥಾನದಲ್ಲಿರಬೇಕು. ಆಮೇಲೆ ಹಳೆಯ ಡ್ರೈವರ್‌ನಲ್ಲಿ ಐದು, ಹೊಸದರಲ್ಲಿ ಐದು, ಮತ್ತೆ ಹಳೆಯದರಲ್ಲಿ ಐದು, ಮತ್ತೆ ಹೊಸದರಲ್ಲಿ ಐದು. ಒಂದರಲ್ಲೇ ಇಪ್ಪತ್ತು ಹೊಡೆದು ಇನ್ನೊಂದಕ್ಕೆ ಹೋದರೆ ಮೋಸ ಹೋಗುತ್ತೀರಿ. ಅಷ್ಟರಲ್ಲಿ ಕೈ ಪಳಗಿರುತ್ತದೆ, ಇಲ್ಲವೇ ದಣಿದಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಲಾಫ್ಟ್ ಮತ್ತು ತೂಕ ಎರಡನ್ನೂ ಒಟ್ಟಿಗೆ ಬದಲಿಸಿದರೆ ಫಲ ಯಾವುದರಿಂದ ಬಂತು ಎಂದು ಹೇಗೆ ಗೊತ್ತಾಗಬೇಕು? ಟೀ ಎತ್ತರ ಒಂದೇ ಇರಲಿ: ಚೆಂಡಿನ ಅರ್ಧ, ಹೆಡ್‌ನ ಮೇಲಂಚಿಗಿಂತ ಮೇಲೆ. ಸವೆದ ರೇಂಜ್ ಚೆಂಡುಗಳ ದೂರ ನಂಬಬೇಡಿ. ಲಾಂಚ್ ಮಾನಿಟರ್ (ಹೊಡೆತ ಅಳೆಯುವ ಯಂತ್ರ) ಇದ್ದರೆ ನೀವು ಆಡುವ ಚೆಂಡನ್ನೇ ಒಯ್ಯಿರಿ.

ಇಲ್ಲಿನ ಕ್ಯಾಡಿಗಳು (ಆಟಗಾರರ ಬ್ಯಾಗ್ ಹೊರುವವರು) ಚೆಂಡು ನೇರ ಹೋದರೆ "ಸರಳ ಗೇಲಾ" ಅನ್ನುತ್ತಾರೆ. ಮರಾಠಿಯಲ್ಲಿ ಸರಳ ಎಂದರೆ ನೇರ. ಕನ್ನಡದ ಕಿವಿಗೆ ಅದು ಸುಲಭವಾಗಿ ಹೋಯಿತು ಎಂದು ಕೇಳಿಸುತ್ತದೆ. ಎರಡೂ ಅರ್ಥ ನನಗೆ ಇಷ್ಟ. ಇಪ್ಪತ್ತರಲ್ಲಿ ಎಷ್ಟು "ಸರಳ" ಎಂದು ಎಣಿಸಿ ಬರೆಯುತ್ತೇವೆ.

ಶಾಫ್ಟ್ ಬಗ್ಗೆ ಒಂದೇ ಎಚ್ಚರಿಕೆ. ಅದು ಎಷ್ಟು ಗಟ್ಟಿ ಎಂದು ಹೇಳುವ ಆರ್, ಎಸ್ ಎಂಬ ಅಕ್ಷರಗಳಿಗೆ ಎಲ್ಲ ಕಂಪನಿಗೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟು ಗಟ್ಟಿ ಇರಬಹುದು. ಅಕ್ಷರ ನೋಡಿ ಕೊಳ್ಳಬೇಡಿ, ಹೊಡೆದು ಕೊಳ್ಳಿ.

ನಿಯಮ, ರೆಂಚ್, ಮಳೆ

ರೌಂಡ್ ಶುರುವಾದ ಮೇಲೆ ಸೆಟ್ಟಿಂಗ್ ಬದಲಿಸಿ ಆ ಕ್ಲಬ್‌ನಲ್ಲಿ ಹೊಡೆದರೆ ಸ್ಪರ್ಧೆಯಿಂದಲೇ ಹೊರಗೆ. ಹೊಡೆಯುವ ಮೊದಲು ಹಿಂದಿನ ಸ್ಥಾನಕ್ಕೆ ತಂದರೆ ದಂಡ ಇಲ್ಲ. ರೆಂಚನ್ನು ಬ್ಯಾಗ್‌ನಲ್ಲಿ ಇಡದಿರುವುದೇ ವಾಸಿ. ಬಿಗಿ ಮಾಡುವಾಗ ಕಂಪನಿ ಕೊಟ್ಟ ಟಾರ್ಕ್ ರೆಂಚನ್ನೇ ಬಳಸಿ, ಕಟ್ ಎಂಬ ಸದ್ದು ಬರುವ ತನಕ ತಿರುಗಿಸಿ, ಅಲ್ಲಿಗೆ ನಿಲ್ಲಿಸಿ. ಏಪ್ರಿಲ್, ಮೇ ಬಿಸಿಲಲ್ಲಿ ಕಾರಿನ ಡಿಕ್ಕಿಯೊಳಗೆ ಕ್ಲಬ್ ಬಿಡಬೇಡಿ. ಒಳಗಿನ ಅಂಟು ಸಡಿಲವಾಗಬಹುದು.

ಕೊನೆಗೆ ಊರಿನ ಲೆಕ್ಕ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. 300 ಮೀಟರ್‌ಗೆ ಸುಮಾರು ಶೇಕಡಾ 1ರಷ್ಟು ದೂರ ಹೆಚ್ಚುತ್ತದೆ ಎಂದು ಇಟ್ಟುಕೊಂಡರೆ, ಇಲ್ಲಿ 200 ಯಾರ್ಡ್ ಹೋಗುವ ಚೆಂಡು ಮುಂಬೈಯ ಚೆಂಬೂರಿನ ಕೋರ್ಸ್‌ನಲ್ಲಿ ನಾಲ್ಕು ಯಾರ್ಡ್ ಮೊದಲೇ ಬೀಳುತ್ತದೆ. ಬೆಂಗಳೂರಿನಲ್ಲಿ ಇನ್ನೂ ಸ್ವಲ್ಪ ಮುಂದೆ. ಇದಕ್ಕಾಗಿ ಸ್ಲೀವ್ ತಿರುಗಿಸುವ ಅಗತ್ಯವಿಲ್ಲ. ಮಳೆಯ ಮಾತು ಬೇರೆ. ಬೇಸಿಗೆಯಲ್ಲಿ ಗಟ್ಟಿ ನೆಲದ ಮೇಲೆ ತಗ್ಗಿನ ಚೆಂಡೂ ಉರುಳಿ ಮುಂದೆ ಹೋಗುತ್ತದೆ. ಜೂನ್ ಕಳೆದರೆ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ) ನೆನೆದು ಚೆಂಡು ಬಿದ್ದಲ್ಲೇ ಕೂರುತ್ತದೆ. ಗಾಳಿಯಲ್ಲಿ ಹೋದಷ್ಟೇ ದೂರ. ಅದಕ್ಕೆ ನನ್ನ 10.5 ಡಿಗ್ರಿಯ ಹೆಡ್ ಜುಲೈಯಲ್ಲಿ ಒಂದು ಡಿಗ್ರಿ ಏರುತ್ತದೆ. ಮಳೆ ನಿಂತು ನೆಲ ಒಣಗಿದ ಮೇಲೆ, ಅಕ್ಟೋಬರ್ ಕೊನೆಯ ಭಾನುವಾರ, ಅದೇ ಐದೈದು ಹೊಡೆತಗಳ ಪರೀಕ್ಷೆ ಮಾಡಿ ಇಳಿಸಬೇಕೋ ಬೇಡವೋ ಎಂದು ನೋಡುತ್ತೇನೆ.