ಉದ್ರಿ ಪುಸ್ತಕದಲ್ಲಿ ಉಳಿದ ರೋಗಿಗಳು

ಡೊಂಬಿವಲಿಯ ನಮ್ಮ ಮನೆಯ ಅಟ್ಟದಲ್ಲಿದ್ದ ಹಳೆಯ ಟ್ರಂಕನ್ನು ಈ ಬೇಸಿಗೆಯಲ್ಲಿ ಕೆಳಗಿಳಿಸಿದೆವು. ಒಳಗೆ ಕೆಂಪು ಬಟ್ಟೆಯ ರಟ್ಟು ಹಾಕಿದ ನಾಲ್ಕು ಉದ್ದನೆಯ ಪುಸ್ತಕಗಳಿದ್ದವು. ನನ್ನ ತಾಯಿಯ ಅಜ್ಜ ಗದಗಿನಲ್ಲಿ ದವಾಖಾನೆ ನಡೆಸುತ್ತಿದ್ದ ಕಾಲದವು. ರೋಗಿಗಳ ದಾಖಲೆ ಸಿಕ್ಕಿತೆಂದು ನಾನು ಹಿಗ್ಗುತ್ತಿದ್ದಾಗ ದೊಡ್ಡವ್ವ ಹೇಳಿದರು: "ಅದು ರೋಗದ ಪುಸ್ತಕ ಅಲ್ಲೋ ತಮ್ಮಾ, ಉದ್ರಿ ಪುಸ್ತಕ. ಯಾರ ಕಡಿಂದ ಎಷ್ಟು ರೊಕ್ಕ ಬರಬೇಕು ಅಂತ ಮುತ್ಯಾ ಬರ್ಕೊಂಡಾರ."

ಬಿಚ್ಚಿ ನೋಡಿದರೆ ಅವರ ಮಾತೇ ಸರಿ. ತಾರೀಖು, ಹೆಸರು, ಓಣಿ, ಔಷಧಿ, ಜಮಾ, ಬಾಕಿ. ರೋಗ ಯಾವುದೆಂದು ಬರೆಯಲು ಜಾಗವೇ ಇಲ್ಲ. ಹೆಸರು ಕನ್ನಡದಲ್ಲಿ, ಲೆಕ್ಕ ಮರಾಠಿಯವರ ಮೋಡಿ ಲಿಪಿಯಲ್ಲಿ, ಔಷಧಿ ಲ್ಯಾಟಿನ್‌ನ ತುಂಡಕ್ಷರಗಳಲ್ಲಿ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಯೊಂದರ ಬದುಕು ಹೇಗಿತ್ತೆಂದು ಆ ಒಂದೊಂದು ಸಾಲೇ ಹೇಳುತ್ತದೆ.

ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರು ಡಾಕ್ಟರಿಕೆ ಕಲಿಯಬೇಕೆಂದರೆ ಆಗ ಮುಂಬಯಿಗೋ ಪುಣೆಗೋ ಬರಬೇಕಿತ್ತು. ಮುಂಬಯಿಯಲ್ಲಿ 1845ರಿಂದ ಗ್ರ್ಯಾಂಟ್ ಮೆಡಿಕಲ್ ಕಾಲೇಜಿತ್ತು. ಪುಣೆಯಲ್ಲಿ ಸಸೂನ್ ಆಸ್ಪತ್ರೆಯ ಆಸರೆಯಲ್ಲಿ 1878ರಲ್ಲಿ ಬಿ.ಜೆ. ಮೆಡಿಕಲ್ ಸ್ಕೂಲ್ ಶುರುವಾಯಿತು. ನಮ್ಮ ಮುತ್ಯಾ ಕಲಿತದ್ದು ಪುಣೆಯಲ್ಲಿ. ಕಲಿತವರು ಸರಕಾರಿ ದವಾಖಾನೆ ಸೇರಿದರೆ ವರ್ಷಕ್ಕೆ ಎಷ್ಟು ರೋಗಿಗಳು ಬಂದರು, ಯಾವ ರೋಗಕ್ಕೆ ಬಂದರು ಎಂದು ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕಿತ್ತು. ಸ್ವಂತ ದವಾಖಾನೆಯವರನ್ನು ಆ ಲೆಕ್ಕ ಕೇಳುವವರಿರಲಿಲ್ಲ. 1912ರ ಮುಂಬಯಿ ವೈದ್ಯಕೀಯ ಕಾಯಿದೆ ಬಂದ ಮೇಲೆ ಡಾಕ್ಟರರ ಹೆಸರು ರಿಜಿಸ್ಟರಿಗೆ ಏರಿತು, ರೋಗಿಗಳ ಹೆಸರಲ್ಲ.

ದವಾಖಾನೆಯ ಕೆಲಸದ ರೀತಿಯೂ ಇದಕ್ಕೆ ಕಾರಣ. ಈಗಿನ ಹಾಗೆ ಚೀಟಿ ಬರೆದು ಅಂಗಡಿಗೆ ಕಳಿಸುವ ರೂಢಿ ಸಣ್ಣ ಊರುಗಳಲ್ಲಿ ಕಡಿಮೆ. ರೋಗಿ ಮನೆಯಿಂದಲೇ ಬಾಟಲಿ ತರುತ್ತಿದ್ದ. ಡಾಕ್ಟರು ನಾಡಿ ನೋಡಿ, ನಾಲಿಗೆ ನೋಡಿ, ಒಳಗಿದ್ದ ಕಾಂಪೌಂಡರನಿಗೆ ಹೇಳುತ್ತಿದ್ದರು. ಆತ ಔನ್ಸು, ಡ್ರಾಮು, ಗ್ರೇನಿನ ಲೆಕ್ಕದಲ್ಲಿ ಮಿಕ್ಸ್ಚರ್ ಕೂಡಿಸಿ, ಕಾಗದದ ಪಟ್ಟಿಯೊಂದನ್ನು ಮಡಚಿ ಅಂಚಿಗೆ ಹಲ್ಲು ಕತ್ತರಿಸಿ ಬಾಟಲಿಗೆ ಅಂಟಿಸುತ್ತಿದ್ದ. ಒಂದು ಹಲ್ಲಿಗೆ ಒಂದು ಗುಟುಕು. ಓದು ಬಾರದವರಿಗೂ ತಿಳಿಯುವ ಈ ಪಟ್ಟಿಯಷ್ಟು ಜಾಣ ಸಾಧನ ಇನ್ನೊಂದಿರಲಿಲ್ಲ ಎಂದೇ ನನ್ನ ಎಣಿಕೆ. ಔಷಧಿ ಮುಗಿದ ಮೇಲೆ ಬಾಟಲಿ ತೊಳೆದರೆ ಪಟ್ಟಿಯೂ ಹೋಯಿತು. ಉಳಿಯುತ್ತಿದ್ದದ್ದು ಉದ್ರಿ ಪುಸ್ತಕದ ಒಂದು ಸಾಲು ಮಾತ್ರ.

ರೋಗದ ಹೆಸರು ಬರೆಯಲು ಅಂಜಿಕೆಯೂ ಇದ್ದಿರಬೇಕು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಗೆಡ್ಡೆ ಪ್ಲೇಗನ್ನು ಗುರುತಿಸಿದವರು ಗೋವಾದ ಡಾ. ಅಕಾಶಿಯೊ ವಿಯೆಗಸ್. ಅವರೂ ಖಾಸಗಿಯಾಗಿ ವೃತ್ತಿ ನಡೆಸುತ್ತಿದ್ದವರೇ. ಆದರೆ ಆ ಹೆಸರು ಹೊರಬಿದ್ದ ಮೇಲೆ ಆದದ್ದೇನು? 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಪುಣೆಯಲ್ಲಿ ಸೋಲ್ಜರರು ಮನೆಮನೆ ಹೊಕ್ಕು ರೋಗಿಗಳನ್ನು ಹೊರಗೆಳೆದರು. ಅದರ ಸಿಟ್ಟು ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸಹೋದರರ ಗುಂಡಾಗಿ ಹಾರಿತು. ಬರೆದಿಟ್ಟ ಒಂದು ಶಬ್ದದಿಂದ ಒಂದು ಮನೆಯೇ ಖಾಲಿಯಾಗುವ ಕಾಲದಲ್ಲಿ ಮನೆಯವರು ರೋಗಿಯನ್ನು ಮುಚ್ಚಿಟ್ಟರು. ಡಾಕ್ಟರರಲ್ಲಿ ಕೆಲವರಾದರೂ ಶಬ್ದವನ್ನು ಮುಚ್ಚಿಟ್ಟಿರಬೇಕು. ನಾನು ಅದನ್ನು ತಪ್ಪೆನ್ನಲಾರೆ.

ಹಾಗಾದರೆ ರೋಗದ ಹೆಸರು ಬರೆದಿಟ್ಟವರು ಯಾರು? ಹಳ್ಳಿಯಲ್ಲಿ ಸಾವಿನ ಪಟ್ಟಿ ಬರೆಯುತ್ತಿದ್ದವರು ಪಾಟೀಲ, ಕುಲಕರ್ಣಿಗಳು. ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ, ಉಸಿರಾಟದ ತೊಂದರೆ, ಇತರೆ: ಹೀಗೆ ಕೆಲವೇ ಬಾಬುಗಳು. ಮಲೇರಿಯಾ ಇರಲಿ, ವಿಷಮಶೀತಜ್ವರ ಇರಲಿ, ಬಾಣಂತಿ ನಂಜೇ ಇರಲಿ, ಮೈ ಬಿಸಿಯಾಗಿ ಸತ್ತವರೆಲ್ಲ 'ಜ್ವರ'ದ ಬಾಬಿಗೇ ಬಿದ್ದರು. 1918ರ ಇನ್‌ಫ್ಲುಯೆಂಜಾ ಸಾವುಗಳೂ ಬಹುಪಾಲು ಅಲ್ಲಿಗೇ ಸೇರಿದವು. ದೇಶದಲ್ಲಿ ಆ ರೋಗಕ್ಕೆ ಒಂದು ಕೋಟಿಗೂ ಮೀರಿ ಜನ ಸತ್ತರೆಂಬ ಅಂದಾಜು ನಿಂತಿರುವುದು, ಆ ವರ್ಷ ಜ್ವರದ ಬಾಬು ಎಂದಿಗಿಂತ ಎಷ್ಟು ಉಬ್ಬಿತು ಎಂಬುದರ ಮೇಲೆಯೇ. ರೋಗ ಬಲ್ಲವರು ಬರೆಯಲಿಲ್ಲ, ಬರೆದವರು ರೋಗ ಬಲ್ಲವರಲ್ಲ. ನಮ್ಮ ಸಣ್ಣ ಊರುಗಳ ಆರೋಗ್ಯದ ಚರಿತ್ರೆ ಈ ಎರಡರ ನಡುವೆ ಸೋರಿಹೋಯಿತು.

ಆದ್ದರಿಂದಲೇ ಉದ್ರಿ ಪುಸ್ತಕಗಳಿಗೆ ಬೆಲೆ. ಔಷಧಿಯಿಂದ ರೋಗವನ್ನು ಹಿಂದಕ್ಕೆ ಓದಬಹುದು. ಕ್ವಿನೈನ್ ಸಾಲುಗಟ್ಟಿದರೆ ಮಲೇರಿಯಾ. ಪೊಟ್ಯಾಸಿಯಂ ಅಯೊಡೈಡ್ ತಿಂಗಳುಗಟ್ಟಲೆ ನಡೆದಿದ್ದರೆ, ಮನೆಯವರ ಮುಂದೆ ಹೇಳಲಾಗದ ಮೇಹರೋಗದ, ಅಂದರೆ ಸಿಫಿಲಿಸ್‌ನ ಗುಮಾನಿ. ಇಲ್ಲೇ ನನಗೆ ಅಳುಕೂ ಆಗುತ್ತದೆ. ಓಣಿಯ ಹೆಸರಿದೆ, ಮನೆತನದ ಹೆಸರಿದೆ, ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ.

ಈಗಿನ ನಿಯಮವೂ ಈ ಕೊರತೆಯನ್ನು ಪೂರ್ತಿ ತುಂಬುವುದಿಲ್ಲ. 2002ರ ವೈದ್ಯಕೀಯ ನೀತಿಸಂಹಿತೆಯ ಪ್ರಕಾರ ಒಳರೋಗಿಗಳ ಕಾಗದಪತ್ರಗಳನ್ನು 3 ವರ್ಷ ಇಟ್ಟುಕೊಳ್ಳಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನೂರು ವರ್ಷದ ಹಿಂದಿನ ಪುಸ್ತಕಕ್ಕೆ ದಿಕ್ಕು ಯಾರು? ಮುಂಬಯಿ, ಪುಣೆಗೆ ಬಂದು ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಇಂಥ ಗಂಟುಗಳು ಇನ್ನೂ ಇರಬಹುದು. ಮನೆ ಬದಲಿಸುವಾಗ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುತ್ತವೆ. ಕೊಡುವ ಮುಂಚೆ ಒಮ್ಮೆ ತೆರೆದು ನೋಡಿ ಎಂದು ಕೈಮುಗಿದು ಕೇಳುತ್ತೇನೆ.

ನಾನು ಹೆಸರಿನ ಸಾಲಿನ ಮೇಲೆ ಬಿಳಿ ಕಾಗದದ ಪಟ್ಟಿ ಇಟ್ಟು ಒಂದೊಂದೇ ಪುಟದ ಫೋಟೊ ತೆಗೆಯುತ್ತಿದ್ದೇನೆ. ಮೊನ್ನೆ 1918ರ ಅಕ್ಟೋಬರ್ ಬಂತು. ದಿನಕ್ಕೆ ಹತ್ತು ಹನ್ನೆರಡು ಇದ್ದ ಹೆಸರು ಅರವತ್ತಕ್ಕೇರಿದೆ. ಎಲ್ಲರಿಗೂ ಅದೇ ಅಮೋನಿಯಂ ಕಾರ್ಬೊನೇಟ್ ಮಿಕ್ಸ್ಚರ್. ಒಂದು ಪುಟದಿಂದ ಮುಂದೆ ಮುತ್ಯಾನ ಅಕ್ಷರ ನಿಂತು, ಕಾಂಪೌಂಡರನ ದಪ್ಪ ಅಕ್ಷರ ಶುರುವಾಗುತ್ತದೆ. ಹತ್ತೊಂಬತ್ತು ದಿನ ಅದೇ ಕೈ. ಇಪ್ಪತ್ತನೆಯ ದಿನ ಮುತ್ಯಾನ ಅಕ್ಷರ ಮತ್ತೆ ಬರುತ್ತದೆ, ಸಾಲು ಅಡ್ಡಾದಿಡ್ಡಿ. ಆ ತಿಂಗಳು ಪೂರ್ತಿ ಬಾಕಿಯ ಮನೆ ಖಾಲಿ ಬಿಟ್ಟಿದ್ದಾರೆ.