ಪದ ಪರಿಚಯ: ಬೇಟ್ಸ್ ಅನುಕರಣೆ

ಹಿತ್ತಲಿನ ಕರಿಬೇವಿನ ಗಿಡದಲ್ಲಿ ಮೊಟ್ಟೆಯಿಡಲು ಕಪ್ಪು ಚಿಟ್ಟೆಯೊಂದು ಬರುತ್ತದೆ. ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿನಲ್ಲಿ ಕೆಂಪು ಚುಕ್ಕೆಗಳು. ಎಷ್ಟೋ ಜನ ಅದನ್ನು ಕಾಮನ್ ರೋಸ್ ಎಂದೇ ತಿಳಿಯುತ್ತಾರೆ. ರೆಕ್ಕೆ ಬಿಟ್ಟು ಮೈ ನೋಡಿ: ರೋಸ್ ಚಿಟ್ಟೆಯ ಮೈ ಕೆಂಪು, ಇದರದು ಕಪ್ಪು. ಇದು ಕಾಮನ್ ಮಾರ್ಮನ್ ಹೆಣ್ಣು. ರೋಸ್ ಚಿಟ್ಟೆಯ ಮರಿಹುಳು ಈಶ್ವರಿ ಬಳ್ಳಿಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತದೆ; ಹಾಗಾಗಿ ಹಕ್ಕಿಗಳು ದೂರ. ಮಾರ್ಮನ್‌ಗೆ ವಿಷವಿಲ್ಲ, ವೇಷ ಮಾತ್ರ. ತಿನ್ನಬಹುದಾದ ಜೀವಿ ತಿನ್ನಬಾರದ ಜೀವಿಯನ್ನು ಹೋಲುತ್ತಾ ಹೀಗೆ ಜೀವ ಉಳಿಸಿಕೊಳ್ಳುವುದೇ ಬೇಟ್ಸ್ ಅನುಕರಣೆ.

ಹೆಸರು ಬಂದದ್ದು ಹೆನ್ರಿ ವಾಲ್ಟರ್ ಬೇಟ್ಸ್ (1825–1892) ಅವರಿಂದ. ಇಂಗ್ಲೆಂಡಿನ ಲೆಸ್ಟರ್‌ನವರು, ಹುಡುಗನಾಗಿದ್ದಾಗ ಕಾಲುಚೀಲದ ವ್ಯಾಪಾರಿಯೊಬ್ಬನ ಬಳಿ ಕೆಲಸ ಕಲಿಯಲು ಸೇರಿದ್ದರು. 1848ರಲ್ಲಿ ಗೆಳೆಯ ಆಲ್‌ಫ್ರೆಡ್ ರಸೆಲ್ ವಾಲೇಸ್ ಜೊತೆ ಅಮೆಜಾನಿಗೆ ಹಡಗು ಹತ್ತಿದರು. ವಾಲೇಸ್ 1852ರಲ್ಲಿ ಮರಳಿದರು, ಬೇಟ್ಸ್ ಹನ್ನೊಂದು ವರ್ಷ ಅಲ್ಲೇ ಉಳಿದರು. ಹಿಡಿದ ಕೀಟಗಳನ್ನು ಮಾರಿಯೇ ಹೊಟ್ಟೆಪಾಡು. ಸಂಗ್ರಹಿಸಿದ 14,000ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಸುಮಾರು 8,000 ವಿಜ್ಞಾನಕ್ಕೆ ಹೊಸವು. ಆ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಹಕ್ಕಿಗಳು ಮುಟ್ಟದ, ನಿಧಾನವಾಗಿ ಹಾರುವ ಬಣ್ಣದ ಚಿಟ್ಟೆಗಳ ಗುಂಪಿನಲ್ಲಿ ಬೇರೆಯೇ ಕುಟುಂಬದ ಕೆಲವು ಚಿಟ್ಟೆಗಳು ಬೆರೆತಿರುವುದನ್ನು ಅವರು ಕಂಡರು. ಹಾರುವಾಗ ಅವರಿಗೂ ಗುರುತು ಹತ್ತುತ್ತಿರಲಿಲ್ಲ. ನದಿಯುದ್ದಕ್ಕೂ ಊರಿಂದೂರಿಗೆ ಮೂಲ ಚಿಟ್ಟೆಯ ಬಣ್ಣ ಬದಲಾದಂತೆ ಹೋಲುವ ಚಿಟ್ಟೆಯ ಬಣ್ಣವೂ ಬದಲಾಗುತ್ತಿತ್ತು. ಇದನ್ನು ಆಕಸ್ಮಿಕ ಎನ್ನುವುದು ಹೇಗೆ? ಡಾರ್ವಿನ್ನರ ನಿಸರ್ಗದ ಆಯ್ಕೆಯೇ ಇದಕ್ಕೆ ಕಾರಣವೆಂದು ಬೇಟ್ಸ್ ವಾದಿಸಿದ ಪ್ರಬಂಧ 1862ರಲ್ಲಿ ಅಚ್ಚಾಯಿತು. ಡಾರ್ವಿನ್ ಅದನ್ನು ಮನಸಾರೆ ಮೆಚ್ಚಿದರು.

‘ಅನುಕರಣೆ’ ಎಂಬ ಪದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನೋಡಿ ಕಲಿತದ್ದು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ, ಚಿಟ್ಟೆ ಏನನ್ನೂ ನೋಡಿ ಕಲಿತಿಲ್ಲ. ರುಚಿಗೆಟ್ಟ ಚಿಟ್ಟೆಯನ್ನು ಕುಕ್ಕಿ ಉಗುಳಿದ ಹಕ್ಕಿ ಆ ಬಣ್ಣವನ್ನು ನೆನಪಿಡುತ್ತದೆ. ಅದನ್ನು ತುಸುವಾದರೂ ಹೋಲುವವು ಉಳಿದು ಸಂತಾನ ಬೆಳೆಸಿದವು, ಹೋಲದವು ಹೆಚ್ಚಾಗಿ ಹಕ್ಕಿಯ ಹೊಟ್ಟೆ ಸೇರಿದವು. ತಲೆತಲಾಂತರದಿಂದ ಹೋಲಿಕೆಯನ್ನು ತಿದ್ದಿದ್ದು ಹಕ್ಕಿಯ ಕಣ್ಣು. ವೇಷಧಾರಿಗಳು ವಿಪರೀತ ಹೆಚ್ಚಿದರೆ ಹಕ್ಕಿಗೆ ಸಿಗುವುದೆಲ್ಲ ರುಚಿಯಾದ ತುತ್ತೇ. ಆಗ ವೇಷಕ್ಕೆ ಬೆಲೆಯಿರುವುದಿಲ್ಲ.

ಮಾರ್ಮನ್ ಗಂಡು ಈ ವೇಷ ತೊಡುವುದಿಲ್ಲ. ಹೆಣ್ಣುಗಳಲ್ಲೂ ಕೆಲವು ಗಂಡಿನಂತೆಯೇ ಇರುತ್ತವೆ, ಕೆಲವು ಕಾಮನ್ ರೋಸನ್ನು, ಇನ್ನು ಕೆಲವು ಕ್ರಿಮ್ಸನ್ ರೋಸನ್ನು ಹೋಲುತ್ತವೆ. ಇವೆಲ್ಲ ಒಂದೇ ಪ್ರಭೇದದ ಹೆಣ್ಣುಗಳೆಂದು 1865ರ ಪ್ರಬಂಧದಲ್ಲಿ ವಿವರಿಸಿದವರು, ಬೇಟ್ಸ್ ಜೊತೆ ಅಮೆಜಾನಿಗೆ ಹೋಗಿದ್ದ ಅದೇ ವಾಲೇಸ್.