ಡೆಫಿಸಿಟ್ ಅಂದರೆ ಲಾಸ್ ಅಲ್ಲ

ಬಜೆಟ್ ಮಂಡನೆಯಾದ ವಾರ ನನ್ನ ಆಫೀಸಿಗೆ ಬರುವ ವ್ಯಾಪಾರಸ್ಥರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಸಾರ್, ಇಷ್ಟು ಸಾವಿರ ಕೋಟಿ ಡೆಫಿಸಿಟ್ ಅಂತಾರಲ್ಲ, ಸರ್ಕಾರಕ್ಕೆ ಅಷ್ಟು ಲಾಸ್ ಆಯ್ತಾ?’ ಲೆಕ್ಕಪತ್ರ ನೋಡುವುದೇ ಕಸುಬಾಗಿರುವ ನನಗೆ ಇದು ಚಿಕ್ಕ ಪ್ರಶ್ನೆ ಅನಿಸುವುದಿಲ್ಲ. ನಷ್ಟ ಬೇರೆ, ಸಾಲ ಬೇರೆ, ಕೊರತೆ ಬೇರೆ. ಮೂರನ್ನೂ ಕಲಸಿಬಿಟ್ಟರೆ ಬಜೆಟ್ ಸುದ್ದಿ ಅರ್ಥವೇ ಆಗುವುದಿಲ್ಲ.

ಡೆಫಿಸಿಟ್ ಲ್ಯಾಟಿನ್‌ನಿಂದ ಬಂದ ಪದ. ಆ ಭಾಷೆಯಲ್ಲಿ ಅದು ನಾಮಪದವೇ ಅಲ್ಲ, ಕ್ರಿಯಾಪದ. ‘ಸಾಲದು’, ‘ಇಲ್ಲ’ ಎಂದು ಅರ್ಥ. ಕನ್ನಡದ ‘ಸಾಲದು’ ಹೇಗೆ ಒಂದೇ ಪದದಲ್ಲಿ ಇಡೀ ವಾಕ್ಯವಾಗುತ್ತದೋ, ಅದೂ ಹಾಗೇ. ‘ಮಾಡು’ ಎಂಬರ್ಥದ ಲ್ಯಾಟಿನ್ ಧಾತು ಅದರೊಳಗಿದೆ. ಅದೇ ಧಾತುವಿನಿಂದ ಪ್ರಾಫಿಟ್, ಡಿಫೆಕ್ಟ್, ಫ್ಯಾಕ್ಟರಿ ಕೂಡ ಹುಟ್ಟಿವೆ. ಹಾಗಾಗಿ ಲಾಭದ ಪ್ರಾಫಿಟ್‌ಗೂ ಕೊರತೆಯ ಡೆಫಿಸಿಟ್‌ಗೂ ಬೇರು ಒಂದೇ.

ಹಿಂದೆ ಸಾಮಾನಿನ ಪಟ್ಟಿ ಬರೆಯುವವರು, ಇರಬೇಕಾದ ವಸ್ತು ಕಾಣದಿದ್ದರೆ ಆ ಸಾಲನ್ನು ಈ ಪದದಿಂದ ಶುರುಮಾಡುತ್ತಿದ್ದರು. ನಾವು ಇವತ್ತಿಗೂ ಗೋದಾಮಿನಲ್ಲಿ ಮಾಡುವ ಕೆಲಸ ಅದೇ. ಸ್ಟಾಕ್ ಪುಸ್ತಕದಲ್ಲಿ 200 ಚೀಲ ಇದೆ, ಎಣಿಸಿದರೆ 188. ಆ 12 ಚೀಲದ ಎದುರು ‘ಶಾರ್ಟ್’ ಎಂದು ಬರೆಯುತ್ತೇವೆ. ಕಳವಾಯಿತೋ, ಬಿಲ್ ಹಾಕದೆ ಲಾರಿಗೆ ಹೋಯಿತೋ, ಮೊದಲೇ ತಪ್ಪಾಗಿ ಜಮಾ ಆಗಿತ್ತೋ, ಅದನ್ನು ಆ ಪದ ಹೇಳುವುದಿಲ್ಲ. ಇಷ್ಟಿರಬೇಕಿತ್ತು, ಇಷ್ಟಿಲ್ಲ ಅನ್ನುತ್ತದೆ, ಅಷ್ಟೇ. ಆದ್ದರಿಂದ ಕೊರತೆ ಎಂಬ ಮಾತು ಕಿವಿಗೆ ಬಿದ್ದಾಗ ಮೊದಲು ಕೇಳಬೇಕಾದ್ದು ‘ಯಾವುದಕ್ಕೆ ಹೋಲಿಸಿದರೆ?’ ಎಂದು. ಹವಾಮಾನ ಇಲಾಖೆ ಮಳೆ ಕೊರತೆ ಹೇಳುವಾಗ ವಾಡಿಕೆ ಮಳೆಯನ್ನು ಮುಂದಿಟ್ಟುಕೊಂಡೇ ಹೇಳುತ್ತದೆ. ವಾಡಿಕೆಗಿಂತ ಶೇ 20ರಿಂದ 59ರಷ್ಟು ಕಡಿಮೆಯಾದರೆ ಮಾತ್ರ ಅದು ಕೊರತೆ.

ಪಟ್ಟಿಯ ಈ ಪದವನ್ನು ಬೀದಿಗೆ ತಂದದ್ದು ಫ್ರಾನ್ಸ್. 1781ರಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ನೆಕೆರ್ ರಾಜ್ಯದ ಲೆಕ್ಕವನ್ನು ಅಚ್ಚು ಹಾಕಿಸಿ, 1 ಕೋಟಿ ಲಿವ್ರ್ (ಆಗಿನ ಫ್ರೆಂಚ್ ಹಣ) ಉಳಿತಾಯ ಇದೆ ಎಂದು ತೋರಿಸಿದ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸಾಲ ತಂದು ಮಾಡಿದ ಖರ್ಚು ಆ ಲೆಕ್ಕದಲ್ಲಿ ಇರಲೇ ಇಲ್ಲ! ಐದು ವರ್ಷದ ನಂತರ ಆ ಜಾಗದಲ್ಲಿದ್ದ ಕಲೋನ್, ಕೊರತೆ 10 ಕೋಟಿ ಲಿವ್ರ್‌ಗೂ ಜಾಸ್ತಿ ಎಂದು ರಾಜನಿಗೆ ಹೇಳಬೇಕಾಯಿತು. ಜನ ರಾಣಿ ಮರಿ ಆಂತ್ವಾನೆತ್‌ಗೆ ‘ಮದಾಂ ದೆಫಿಸಿತ್’ ಎಂದು ಹೆಸರಿಟ್ಟರು. 1787ರ ಚಿತ್ರಪ್ರದರ್ಶನದಲ್ಲಿ ಅವಳ ಚಿತ್ರ ಬರುವ ಮೊದಲು ಖಾಲಿ ಚೌಕಟ್ಟು ಬಂದಿತ್ತು. ಅದನ್ನು ಕಂಡವರು ‘ಇಗೋ ನೋಡಿ ಡೆಫಿಸಿಟ್’ ಅಂದರಂತೆ. ಚಿತ್ರ ಬರೆದ ಕಲಾವಿದೆಯೇ ತನ್ನ ನೆನಪುಗಳಲ್ಲಿ ಇದನ್ನು ದಾಖಲಿಸಿದ್ದಾಳೆ. ಆದರೆ ರಾಣಿಯ ಒಡವೆ, ಬಟ್ಟೆಗಳಿಂದ ಆದ ಕೊರತೆ ಅದಲ್ಲ. 1788ರ ಹೊತ್ತಿಗೆ ಖರ್ಚಿನ ಅರ್ಧದಷ್ಟು ಹಳೆಯ ಸಾಲ, ಬಡ್ಡಿಗೇ ಹೋಗುತ್ತಿತ್ತು. ನೆಕೆರ್ ಲೆಕ್ಕ ಓದಿದವರು ‘ಇದರಲ್ಲಿ ಏನೇನು ಸೇರಿಲ್ಲ?’ ಎಂದು ಅವತ್ತೇ ಕೇಳಬೇಕಿತ್ತು, ಅಲ್ವಾ?

ಈಗ ನಮ್ಮ ಬಜೆಟ್‌ಗೆ ಬರೋಣ. ಪತ್ರಿಕೆಗಳು ‘ಖೋತಾ ಬಜೆಟ್’ ಎಂದು ಒಂದೇ ಮಾತಲ್ಲಿ ಮುಗಿಸುತ್ತವೆ. ಅದರೊಳಗೆ ಎರಡು ಕೊರತೆ ಇರುತ್ತದೆ. ತೆರಿಗೆ, ಅನುದಾನ ಎಲ್ಲ ಸೇರಿ ವರ್ಷಕ್ಕೆ ಬರುವ ಆದಾಯ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ಮಾಮೂಲಿ ಖರ್ಚಿಗೆ ಸಾಲದಿದ್ದರೆ ಅದು ರಾಜಸ್ವ ಕೊರತೆ. ರಸ್ತೆ, ನೀರಾವರಿ, ಕಟ್ಟಡದ ಖರ್ಚೂ ಸೇರಿಸಿ, ಇಡೀ ವರ್ಷಕ್ಕೆ ಎಷ್ಟು ಸಾಲ ತರಬೇಕು ಎನ್ನುವುದು ವಿತ್ತೀಯ ಕೊರತೆ. ಹಿಂದಿನ ವರ್ಷಗಳ ಸಾಲವೆಲ್ಲ ಕೂಡಿ ತಲೆ ಮೇಲೆ ನಿಂತಿರುವ ಒಟ್ಟು ಹೊಣೆ ಇನ್ನೊಂದು ಲೆಕ್ಕ.

2025-26ರ ಕರ್ನಾಟಕ ಬಜೆಟ್ ಅಂದಾಜನ್ನೇ ನೋಡಿ. ರಾಜಸ್ವ ಜಮೆ 2,92,477 ಕೋಟಿ ರೂಪಾಯಿ, ರಾಜಸ್ವ ವೆಚ್ಚ 3,11,739 ಕೋಟಿ. ಕಳೆದರೆ ಉಳಿಯುವ 19,262 ಕೋಟಿ ರಾಜಸ್ವ ಕೊರತೆ. ವಿತ್ತೀಯ ಕೊರತೆ 90,428 ಕೋಟಿ. ಅಂದರೆ ಕೊರತೆ ತುಂಬಲು ತರುವ ಪ್ರತಿ 100 ರೂಪಾಯಿಯಲ್ಲಿ ಸುಮಾರು 79 ರೂಪಾಯಿ ಆಸ್ತಿ ಕಟ್ಟಲು ಹೋಗುತ್ತದೆ, 21 ರೂಪಾಯಿ ಮಾಮೂಲಿ ಖರ್ಚಿಗೆ. ಅದೇ ವರ್ಷದ ಕೇಂದ್ರ ಬಜೆಟ್ ಅಂದಾಜಿನಲ್ಲಿ ವಿತ್ತೀಯ ಕೊರತೆಯ ಮೂರನೇ ಒಂದು ಭಾಗ ರಾಜಸ್ವ ಕೊರತೆಯೇ. ಈ ಒಂದು ಭಾಗಾಕಾರ ಮಾಡಿ ನೋಡದೆ ‘ಡೆಫಿಸಿಟ್ ಜಾಸ್ತಿಯಾಯಿತು’ ಎಂದು ಸುಮ್ನೆ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಅಂಗಡಿಯವನು ಗೋದಾಮು ಕಟ್ಟಲು ಸಾಲ ತಂದರೆ ನಾನು ಬೇಡ ಅನ್ನುವುದಿಲ್ಲ. ಅಂಗಡಿ ಬಾಡಿಗೆಗೇ ಸಾಲ ತರುತ್ತಿದ್ದರೆ ಕೂರಿಸಿ ಮಾತಾಡುತ್ತೇನೆ.

ನಮ್ಮ ರಾಜ್ಯ ಈ ವಿಷಯದಲ್ಲಿ ಮೊದಲೇ ಎಚ್ಚೆತ್ತಿತ್ತು. ಕೇಂದ್ರದ ಕಾಯ್ದೆ ಬಂದದ್ದು 2003ರಲ್ಲಿ, ಕರ್ನಾಟಕದ ವಿತ್ತೀಯ ಹೊಣೆಗಾರಿಕೆ ಕಾಯ್ದೆ 2002ರದ್ದು. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ (ಜಿಎಸ್‌ಡಿಪಿ) ಶೇ 3ರೊಳಗೆ ಇರಬೇಕು, ಒಟ್ಟು ಹೊಣೆ ಶೇ 25ರೊಳಗೆ ಇರಬೇಕು, ರಾಜಸ್ವ ಕೊರತೆ ಇರಬಾರದು ಎನ್ನುವುದು ಗುರಿ. 2025-26ರ ಅಂದಾಜಿನಲ್ಲಿ ಮೊದಲೆರಡು ಶೇ 2.95 ಮತ್ತು ಶೇ 24.91, ಅಂಚಿನಲ್ಲಿ ನಿಂತಿವೆ. ಮೂರನೆಯದು ದಾಟಿದೆ. ನನ್ನ ಮಟ್ಟಿಗೆ ಚಿಂತೆಯ ವಿಷಯ ಅದೇ. ಆ 19,262 ಕೋಟಿಗೆ ಮುಂದಿನ ವರ್ಷದಿಂದ ಬಡ್ಡಿ ಕಟ್ಟಬೇಕು, ಆ ಬಡ್ಡಿಯೂ ರಾಜಸ್ವ ವೆಚ್ಚದ ಸಾಲಿಗೇ ಬಂದು ಸೇರುತ್ತದೆ.